‘ತಗೊಳ್ಳಿ, ಏನೂ ತೊಂದ್ರೆ ಇಲ್ಲ’

ಆಲ್ದೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಮೂವತ್ತೊಂದು ವರ್ಷದಿಂದ ಅದೇ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದೇನೆ. ಇಷ್ಟು ವರ್ಷದಲ್ಲಿ ನೀನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳಬಲ್ಲೆ: ‘ತಗೊಳ್ಳಿ, ಏನೂ ತೊಂದ್ರೆ ಇಲ್ಲ.’ ಹೆಂಡತಿಯ ಹೆಸರನ್ನೂ ನಾನು ಇಷ್ಟು ಸಲ ಕರೆದಿಲ್ಲ. ದೇವರ ಹೆಸರಂತೂ ದೂರವೇ ಉಳಿಯಿತು.

ಆ ಮಾತು ಹೆಚ್ಚಾಗಿ ಹೋಗುತ್ತಿದ್ದದ್ದು ಒಂದು ಮಾತ್ರೆಯ ಜೊತೆಗೆ. ಬಿ ಕಾಂಪ್ಲೆಕ್ಸ್. ಎಸ್ಟೇಟುಗಳಿಂದ ಸಂತೆಗೆ ಬಂದವರು ಅದನ್ನು ಶಕ್ತಿ ಮಾತ್ರೆ ಅನ್ನುತ್ತಾರೆ. ಸುಸ್ತಾದರೆ ಅದು, ಬಾಯಿ ಹುಣ್ಣಾದರೆ ಅದು, ಕೈಕಾಲು ಜೋಮು ಹಿಡಿದರೆ ಅದು, ಕೂದಲು ಉದುರಿದರೂ ಅದು, ಮಗು ಊಟ ಮಾಡದಿದ್ದರೆ ಅದರದೇ ಸಿರಪ್ಪು. ನುಂಗಿದ ಮಾರನೇ ದಿನ ಮೂತ್ರ ಅರಿಶಿನ ಕದಡಿದ ಹಾಗೆ ಹಳದಿ ಬರುತ್ತದೆ. ಅದನ್ನು ನೋಡಿ ಔಷಧಿ ಹಿಡಿಯಿತು ಅಂತ ಜನಕ್ಕೆ ಸಮಾಧಾನ. ಬೇಡವಾದದ್ದನ್ನು ದೇಹ ಹೊರಗೆ ಹಾಕುತ್ತಿದೆ, ಅಷ್ಟೇ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿರಲಿಲ್ಲ. ಅವರ ಸಮಾಧಾನ ಕೆಡಿಸಿ ನನಗೇನಾಗಬೇಕಿತ್ತು?

ಈಗ ಬರೆಯಲು ಕೂತಿರುವುದು ನನ್ನ ಅಂಗಾಲುಗಳ ಕಥೆ. ಕಾಲು ಜೋಮು ಹಿಡಿದು, ಅದಕ್ಕೆ ವಯಸ್ಸು ಅಂತ ಹೆಸರಿಟ್ಟುಕೊಂಡು, ಹತ್ತಿರದ ಅಂಗಡಿಯ ಮಾತ್ರೆ ಶೀಟು ನುಂಗುತ್ತಾ ಕೂತವರು ಈ ಗುಡ್ಡಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ನೀವೊಬ್ಬರೇ ಅಲ್ಲ ಅಂತ ಹೇಳಬೇಕೆನಿಸಿದೆ. ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಅದು ಬೇರೆ ಮಾತು, ಏಕೆಂದರೆ ಅವರಲ್ಲಿ ಅರ್ಧ ಜನಕ್ಕೆ ಶೀಟು ಕೊಟ್ಟವನೇ ನಾನು.

ಶುರುವಾದದ್ದು ಸುಸ್ತಿನಿಂದ. ನನ್ನ ಅಂಗಡಿಗೆ ಎರಡೇ ಮೆಟ್ಟಿಲು. ಅವನ್ನು ಹತ್ತಿ ಷಟರ್ ಎತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ನಾಲಿಗೆ ಕೆಂಪಗೆ ನುಣ್ಣಗಾಗಿ, ಬೆಲ್ಲದ ಕಾಫಿ ಕುಡಿದರೂ ಖಾರ ತಿಂದ ಹಾಗೆ ಉರಿಯುತ್ತಿತ್ತು. ಬೇರೆ ಯಾರಾದರೂ ಬಂದು ಹೀಗೆ ಹೇಳಿದ್ದರೆ ‘ಒಂದ್ಸಲ ಡಾಕ್ಟ್ರಿಗೆ ತೋರ್ಸಿ’ ಅನ್ನುವಷ್ಟು ಪ್ರಾಮಾಣಿಕತೆ ನನ್ನಲ್ಲೂ ಇತ್ತು. ಆದರೆ ಮೆಡಿಕಲ್ ಶಾಪಿನವನು ತಾನೇ ಹೋಗಿ ಟೋಕನ್ ಹಿಡಿದು ಕೂರುವುದೆಂದರೆ ಮರ್ಯಾದೆಯ ಪ್ರಶ್ನೆ. ಪಕ್ಕದ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಹಿಮೋಗ್ಲೋಬಿನ್ ಕಡಿಮೆ ಬಂತು. ಯಾಕೆ ಕಡಿಮೆ ಎಂದು ಹುಡುಕುವ ಗೋಜಿಗೆ ಹೋಗದೆ ನನ್ನ ಶೆಲ್ಫಿನಿಂದಲೇ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಸೇರಿದ ಮಾತ್ರೆ ತೆಗೆದು ಶುರು ಹಚ್ಚಿಕೊಂಡೆ. ಜೊತೆಗೆ ಶಕ್ತಿ ಮಾತ್ರೆ. ಇವೆರಡಲ್ಲದೆ, ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಹತ್ತು ವರ್ಷದಿಂದ ನುಂಗುತ್ತಿದ್ದ ಗ್ಯಾಸಿನ ಮಾತ್ರೆ ಇದ್ದೇ ಇತ್ತು. ಅದನ್ನು ಮಾತ್ರೆಯೆಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ ಏರಿತು. ರಿಪೋರ್ಟನ್ನು ನನ್ನ ಹೆಂಡತಿ ಶೈಲಾಳ ಮುಂದೆ ಹಿಡಿದು, “ನೋಡು, ಡಾಕ್ಟ್ರು ಗೀಕ್ಟ್ರು ಯಾರೂ ಬೇಡ” ಎಂದು ಮೀಸೆ ತಿರುವಿದೆ. ಆ ಕಾಗದ ನನಗೆ ಮಾಡಿದಷ್ಟು ಮೋಸವನ್ನು ಯಾವ ಮನುಷ್ಯನೂ ಮಾಡಿಲ್ಲ.

ಕಾಲಿನದು ಮೊದಲು ಕಂಡುಹಿಡಿದವನು ಲಕ್ಷ್ಮಣ. ಆಲ್ದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದ. ಆಳುಗಳನ್ನು ಕರೆದುಕೊಂಡು ಬೆಳಗಿನಿಂದ ಸಂಜೆವರೆಗೆ ಏರು ಇಳಿಜಾರು ತಿರುಗುವ ಕೆಲಸ. ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ಚಿಕ್ಕವನು. ಮೂರು ವರ್ಷದಿಂದ ಒಂದು ಸಂತೆಯೂ ತಪ್ಪದೆ ನನ್ನ ಅಂಗಡಿಗೆ ಬರುತ್ತಿದ್ದ. “ಅಂಗಾಲು ಉರಿ ಅಣ್ಣ, ಒಲೆ ಮೇಲೆ ನಿಂತ ಹಂಗೆ ಆಗ್ತದೆ” ಎನ್ನುತ್ತಿದ್ದ. ನಾನು ಶೀಟು ಕತ್ತರಿಸಿ ಕೊಡುತ್ತಿದ್ದೆ. ಕೊಡುವಾಗ ಹೇಳುತ್ತಿದ್ದ ಮಾತು ಯಾವುದೆಂದು ಮತ್ತೆ ಹೇಳಬೇಕಾಗಿಲ್ಲ.

ಒಂದು ಸಂತೆಯ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿದು ಅಂಗಡಿಗೆ ಬರುತ್ತಿದ್ದೆ. ಲಕ್ಷ್ಮಣ ಮೆಟ್ಟಿಲ ಮೇಲೆ ಕೂತಿದ್ದವನು ನನ್ನನ್ನು ನೋಡಿ ನಗತೊಡಗಿದ.

“ಶೇಖರಣ್ಣ, ಇನ್ನೊಂದು ಚಪ್ಪಲಿ ಯಾರಿಗೆ ದಾನ ಮಾಡಿದ್ರಿ?”

ಬಗ್ಗಿ ನೋಡಿದರೆ ಬಲಗಾಲು ಬರಿಗಾಲು. ಹಿಮ್ಮಡಿಯವರೆಗೆ ಕೆಸರು. ತಿರುಗಿ ನೋಡಿದೆ. ಹೋಟೆಲಿನ ಮುಂದೆ ರಸ್ತೆಯ ನಡುವೆ ನನ್ನ ಹವಾಯಿ ಚಪ್ಪಲಿ ಬಿದ್ದಿತ್ತು. ಯಾವುದೋ ಜೀಪು ಅದರ ಮೇಲೆ ಹತ್ತಿ ಹೋಗಿತ್ತು. ಅಷ್ಟು ದೂರ, ಜಲ್ಲಿಕಲ್ಲಿನ ಮೇಲೆ, ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ.

“ಎಂತ ಯೋಚ್ನೆ ಅಣ್ಣ ಅಷ್ಟು?” ಎಂದ ಲಕ್ಷ್ಮಣ. ನಾನೂ ನಕ್ಕೆ. ಅವನಿಗೊಂದು ಶೀಟು ಕತ್ತರಿಸಿದೆ. ನಂಗೂ ಒಂದು ಇರ್ಲಿ ಮಾರಾಯ ಅಂತ ಅದೇ ಡಬ್ಬಿಯಿಂದ ನನಗೊಂದು ತೆಗೆದುಕೊಂಡೆ. ಇಬ್ಬರೂ ಅಲ್ಲೇ ನಿಂತು ಒಂದೇ ಬಾಟಲಿಯ ನೀರಿನಲ್ಲಿ ನುಂಗಿದೆವು.

ಆಮೇಲೆ ತೂಗಾಟ ಶುರುವಾಯಿತು. ಬೆಳಿಗ್ಗೆ ಅಂಗಡಿ ತೆರೆದು, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ ಕೈ ಮುಗಿದು ನಿಂತರೆ ನೆಲವೇ ಜಾರಿದ ಹಾಗೆ ಮೈ ಹಿಂದಕ್ಕೂ ಮುಂದಕ್ಕೂ ವಾಲುತ್ತಿತ್ತು. ಒಂದು ದಿನ ಊಟದ ಡಬ್ಬಿ ಕೊಡಲು ಬೇಗ ಬಂದ ಶೈಲಾ ಇದನ್ನು ನೋಡಿದಳು. ಮನೆಗೆ ಹೋಗಿ ನನ್ನ ಅಕ್ಕನಿಗೆ ಫೋನು ಮಾಡಿ, “ನಿಮ್ ತಮ್ಮನಿಗೆ ಈಗೀಗ ಭಕ್ತಿ ಜಾಸ್ತಿಯಾಗಿದೆ ಅತ್ಗೆ, ಪೂಜೆಗೆ ನಿಂತ್ರೆ ಮೈಮರೀತಾರೆ” ಎಂದು ಹೇಳಿಕೊಂಡಿದ್ದಳು. ಕಣ್ಣು ಬಿಟ್ಟರೆ ನೆಟ್ಟಗೆ ನಿಲ್ಲುತ್ತೇನೆ, ಮುಚ್ಚಿದರೆ ಬೀಳುತ್ತೇನೆ. ಇದೊಂದೇ ಸಂಗತಿ ಸಾಕಿತ್ತು, ತಿಳಿದವರಿಗೆ. ನಾನು ಓದುವ ಕಾಲಕ್ಕೆ ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಆಮೇಲೆ ಮೂವತ್ತು ವರ್ಷ ಡಬ್ಬಿಗಳ ಹೆಸರು ಬಿಟ್ಟು ಬೇರೇನೂ ಓದಲಿಲ್ಲ.

ನಡಿಗೆ ಬದಲಾಯಿತು. ಕಾಲು ಅಗಲಿಸಿ, ನೆಲ ನೋಡುತ್ತಾ, ಧಪ್ ಧಪ್ ಎಂದು ಹೆಜ್ಜೆ ಹಾಕುತ್ತಿದ್ದೆ. ಸಂಜೆಗತ್ತಲಲ್ಲಿ ಮನೆಗೆ ಹೋಗುವಾಗ ಗೋಡೆ, ಕಂಬ, ನಿಂತ ಜೀಪು, ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಿದ್ದೆ. ಸಣ್ಣ ಊರು. ಶೇಖರಣ್ಣ ಸಂಜೆ ಹಾಕ್ತಾರಂತೆ ಎಂದು ಮಾತಾಯಿತು. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು, ಅಂಥದ್ದರ ವಾಸನೆ ಬಂದರೆ ದೂರ ಹೋಗುವವನು. ಬೇರೆಯವರು ಅಂದದ್ದು ಇರಲಿ. ಒಂದು ಸಂಜೆ ಬಾಗಿಲಲ್ಲಿ ಎಡವಿ ಶೈಲಾಳ ಮೇಲೆ ಒರಗಿದೆ. ಅವಳು ಹಿಡಿದು ನಿಲ್ಲಿಸಿದಳು, ಮುಖದ ಹತ್ತಿರ ಮುಖ ತಂದಳು, ನನ್ನ ಬಾಯಿ ಮೂಸಿದಳು.

ಆವತ್ತು ನನಗಾದ ನೋವು ಆಮೇಲೆ ಚುಚ್ಚಿಸಿಕೊಂಡ ಯಾವ ಸೂಜಿಯಿಂದಲೂ ಆಗಲಿಲ್ಲ. ಅವಳಿಗೆ ಇದನ್ನು ಓದಿ ಹೇಳಿದಾಗ ಈ ಪ್ಯಾರಾ ಬಿಟ್ಟುಬಿಡಿ ಎಂದಳು. ಬಿಡುವುದಿಲ್ಲ.

ಅಕ್ಕ ಇದು ವಾತ ಎಂದು ಹೇಳಿ ಎಣ್ಣೆ ಕಳಿಸಿದಳು. ಹಚ್ಚಿಕೊಂಡು ನಡೆದು ಇನ್ನೆರಡು ಸಲ ಜಾರಿದೆ. ಕೊನೆಗೆ ಚಿಕ್ಕಮಗಳೂರಿಗೆ ಹೋಗಿ ಪರಿಚಯದ ಡಾಕ್ಟರಿಗೆ ತೋರಿಸಿದೆ. ಅವರು ರಕ್ತದ ರಿಪೋರ್ಟು ನೋಡಿದರು. ಹಿಮೋಗ್ಲೋಬಿನ್ ಚೆನ್ನಾಗಿತ್ತು. “ಏನಾದ್ರೂ ಮಾತ್ರೆ ತಗೊಳ್ತಿದೀರಾ ಶೇಖರ್?” ಎಂದು ಕೇಳಿದರು. ಕೇಳಿದರು ಎನ್ನುವುದನ್ನು ಒತ್ತಿ ಹೇಳುತ್ತೇನೆ, ತಪ್ಪು ಅವರದಲ್ಲ. ಸ್ವಂತ ಔಷಧಿ ಮಾಡಿಕೊಂಡೆ ಎಂದು ಡಾಕ್ಟರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಗಿ “ಏನೂ ಇಲ್ಲ ಸಾರ್” ಎಂದೆ. ಹಾಗಾದರೆ ವಯಸ್ಸಿನದಿರಬೇಕು, ಒಂದು ತಿಂಗಳು ನೋಡೋಣ ಎಂದರು. ನನ್ನ ಎರಡೇ ಪದ ಒಂದು ತಿಂಗಳನ್ನು ತಿಂದುಹಾಕಿದವು.

ಆ ತಿಂಗಳು ಮುಗಿಯುವ ಮೊದಲೇ ಬಚ್ಚಲಲ್ಲಿ ಬಿದ್ದೆ. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದೆ, ಕಣ್ಣು ಮುಚ್ಚಿತ್ತು. ಹಂಡೆಯ ಅಂಚು ಹಣೆಗೆ ಬಡಿಯಿತು. ನಾಲ್ಕು ಹೊಲಿಗೆ. ಶೈಲಾ ಯಾರನ್ನೂ ಕೇಳದೆ ಕಾರು ಗೊತ್ತು ಮಾಡಿದಳು. “ಕೆಳಗೆ ಹೋಗೋಣ” ಎಂದಳು. ನಮ್ಮ ಕಡೆ ಕೆಳಗೆ ಎಂದರೆ ಘಟ್ಟದ ಕೆಳಗೆ, ಮಂಗಳೂರು. ಕೆಳಗೆ ಕರ್ಕೊಂಡು ಹೋದ್ರಂತೆ ಅಂದರೆ ಕೇಳಿದವರು ದನಿ ತಗ್ಗಿಸುತ್ತಾರೆ. ಚಾರ್ಮಾಡಿಯ ತಿರುವುಗಳಲ್ಲಿ ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಕಾಯುವ ಹಾಲ್‌ನಲ್ಲಿ ಘಟ್ಟದ ಮೇಲಿನವರನ್ನು ಯಾರಾದರೂ ಗುರುತಿಸಬಹುದು. ಆ ಸೆಖೆಯಲ್ಲೂ ಎಲ್ಲರ ಕಂಕುಳಲ್ಲಿ ಒಂದೊಂದು ಸ್ವೆಟರ್. ನಮ್ಮ ಟೋಕನ್ನಿಗೆ ಮೊದಲು ಇನ್ನೂ ಇಪ್ಪತ್ತು ಜನ ಇದ್ದರು. ದನಿಯಿಲ್ಲದ ಟಿವಿಯಲ್ಲಿ ಯಾರೋ ಅಡುಗೆ ಮಾಡುತ್ತಿದ್ದರು. ಮೂತ್ರಕ್ಕೆ ಹೋಗಿ ಗೋಡೆ ಸವರಿಕೊಂಡು ವಾಪಸ್ ಬರುತ್ತಿದ್ದೆ. ಆಗ ಗಾಲಿಕುರ್ಚಿಯಿಂದ ಒಬ್ಬರು ಕರೆದರು.

“ಶೇಖರಣ್ಣ? ನೀವೆಂತಕೆ ಇಲ್ಲಿ?”

ಲಕ್ಷ್ಮಣ. ಎರಡು ತಿಂಗಳಿಂದ ಸಂತೆಗೆ ಬಂದಿರಲಿಲ್ಲ, ನಾನು ವಿಚಾರಿಸಿಯೂ ಇರಲಿಲ್ಲ. ಬಲಗಾಲಿಗೆ ದಪ್ಪ ಬ್ಯಾಂಡೇಜು. ಅದು ಪಾದ ಇರಬೇಕಾದಷ್ಟು ಉದ್ದವಿರಲಿಲ್ಲ. ಕುರ್ಚಿಯ ಹಿಂದೆ ಅವನ ಹೆಂಡತಿ ಗುಲಾಬಿ ನಿಂತಿದ್ದಳು.

“ಬೆರಳು ತೆಗೆದ್ರು ಅಣ್ಣ. ಐದೂ” ಎಂದ. ಸಾಮಾನು ತಂದ ಸುದ್ದಿ ಹೇಳಿದ ಹಾಗೆ ಹೇಳಿದ. “ಗಮ್ ಬೂಟಿನೊಳಗೆ ಒಂದು ಕಲ್ಲು ಸೇರ್ಕೊಂಡಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಅದರ ಮೇಲೇ ತಿರುಗಿದ್ದೀನಿ, ಗೊತ್ತೇ ಆಗ್ಲಿಲ್ಲ. ಬೂಟು ಬಿಚ್ಚಿದ್ರೆ ಪೂರಾ ರಕ್ತ. ಆಮೇಲೆ ಕೀವಾಯ್ತು. ಶುಗರ್ ಅಂತೆ ಅಣ್ಣ. ನಾಕೈದು ವರ್ಷದಿಂದ ಇದ್ದಿರ್ಬೇಕು ಅಂತಾರೆ.”

ಶುಗರ್ ನೋಡುವ ಮಿಷನ್ನು ನನ್ನ ಕೌಂಟರಿನ ಗಾಜಿನೊಳಗೇ ಇದೆ. ಮೂರು ವರ್ಷ ಅವನು ಅದೇ ಗಾಜಿನ ಮೇಲೆ ಕೈಯೂರಿ ನಿಂತು ಅಂಗಾಲುರಿ ಅನ್ನುತ್ತಿದ್ದ. ಬೆರಳಿಗೊಂದು ಚುಚ್ಚು, ಒಂದು ಹನಿ ರಕ್ತ, ಒಂದು ನಿಮಿಷ ಸಾಕಿತ್ತು. ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಲಿಕ್ಕೆ ಬೇಕಾದ ಪುರುಸೊತ್ತನ್ನೇ ನಾನು ಅವನಿಗೆ ಕೊಟ್ಟಿರಲಿಲ್ಲ.

ನನ್ನ ಮುಖ ಏನಾಗಿತ್ತೋ. ಲಕ್ಷ್ಮಣ ನನ್ನ ಮೊಣಕೈ ಹಿಡಿದು, “ನಿಮ್ಮ ಮಾತ್ರೆ ತಗೊಳ್ತಾ ಇದ್ದಿದ್ದಕ್ಕೆ ಇಷ್ಟರಲ್ಲೇ ನಿಲ್ತು ಬಿಡಿ ಅಣ್ಣ” ಎಂದ. ಗುಲಾಬಿ ತಿರುಗಿ ಟಿವಿ ನೋಡತೊಡಗಿದಳು.

ಆ ಮಾತನ್ನು ನಾನು ಹಿಡಿದುಕೊಂಡೆ. ಮುಳುಗುವವನು ಕೈಗೆ ಸಿಕ್ಕ ಬಳ್ಳಿ ಹಿಡಿದ ಹಾಗೆ ಹಿಡಿದುಕೊಂಡೆ. ಹೌದಿರಬಹುದು, ಇಲ್ಲದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತೇನೋ ಎಂದು, ಎಲ್ಲ ಗೊತ್ತಿದ್ದ ನಾನು, ನನ್ನನ್ನೇ ನಂಬಿಸತೊಡಗಿದೆ. ಅಷ್ಟರಲ್ಲಿ ನಮ್ಮ ನಂಬರು ಕೂಗಿದರು.

ನರದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಂಪಿಸುವ ಕಬ್ಬಿಣದ ಕವೆಯೊಂದನ್ನು ನನ್ನ ಕಾಲಿನ ಹೆಬ್ಬೆರಳಿಗಿಟ್ಟು ಗೊತ್ತಾಗ್ತದಾ ಎಂದು ಕೇಳಿದರು. ಇಲ್ಲ. ಪಾದದ ಗಂಟಿಗಿಟ್ಟರು. ಇಲ್ಲ. ಕಣ್ಣು ಮುಚ್ಚಿಸಿ, ಕಾಲ್ಬೆರಳು ಹಿಡಿದು, “ಮೇಲೆ ಮಾಡಿದ್ದಾ, ಕೆಳಗೆ ಮಾಡಿದ್ದಾ?” ಎಂದು ಕೇಳಿದರು. ನನ್ನದೇ ಬೆರಳು ಎತ್ತ ಹೋಗಿದೆ ಎಂದು ನಾನು ಊಹೆ ಮಾಡಿ ಹೇಳುತ್ತಿದ್ದೆ. ನಿಂತು ಕಣ್ಣು ಮುಚ್ಚಿ ಎಂದರು. ಮುಚ್ಚಿದೆ, ಸೀದಾ ಅಟೆಂಡರನ ತೋಳಿಗೆ ಬಿದ್ದೆ.

“ಯಾವ ಮಾತ್ರೆ ತಿನ್ನುವುದು ನೀವು?” ಎಂದು ಕೇಳಿದರು. ಈ ಸಲ ಎಲ್ಲ ಹೇಳಿದೆ. ಶೈಲಾ ಚೀಲದಿಂದ ಶಕ್ತಿ ಮಾತ್ರೆಯ ಶೀಟು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ಮಗುಚಿ ನನ್ನ ಮುಂದೆ ತಳ್ಳಿದರು.

“ಇದರಲ್ಲಿ ಬಿ ಟ್ವೆಲ್ವ್ ಎಷ್ಟುಂಟು, ಓದಿ ನೋಡುವ.”

ಕನ್ನಡಕ ಹಾಕಿಕೊಂಡು ಓದಿದೆ. ಒಂದಿತ್ತು, ಎರಡಿತ್ತು, ಮೂರಿತ್ತು, ಐದಿತ್ತು, ಆರಿತ್ತು. ಹನ್ನೆರಡು ಇರಲಿಲ್ಲ. ಬಿ ಎಂದರೆ ಎಂಟು ಮಂದಿ ಅಣ್ಣತಮ್ಮಂದಿರ ಮನೆ. ಹೆಸರು ಒಂದೇ, ಒಬ್ಬನ ಕೆಲಸ ಇನ್ನೊಬ್ಬ ಮಾಡುವುದಿಲ್ಲ. ನನಗೆ ಬೇಕಾಗಿದ್ದ ತಮ್ಮ ಆ ಶೀಟಿನ ಮನೆಯಲ್ಲಿ ಇರಲೇ ಇಲ್ಲ. ಅಷ್ಟು ವರ್ಷ ನಾನು ಮಾರಿದ ಶೀಟಿನ ಬೆನ್ನು ನಾನು ಓದಿದ್ದು ಅದೇ ಮೊದಲು.

“ಫೋಲಿಕ್ ತಿಂದಿರಿ, ರಕ್ತ ಸರಿ ಆಯ್ತು” ಎಂದರು ಡಾಕ್ಟರು. “ಬಿ ಟ್ವೆಲ್ವ್ ಇಲ್ಲದೆ ನರ ಹಾಳಾಗ್ತಾ ಹೋಯ್ತು. ರಕ್ತ ಸರಿ ಇದ್ದ ಕಾರಣ ಯಾರಿಗೂ ಸಂಶಯ ಬರ್ಲಿಲ್ಲ. ಗ್ಯಾಸಿನ ಮಾತ್ರೆ ಹತ್ತು ವರ್ಷ ತಿಂದರೆ ಊಟದಲ್ಲಿ ಇರುವ ಅಷ್ಟೋ ಇಷ್ಟೋ ಬಿ ಟ್ವೆಲ್ವ್ ಸಹ ಮೈಗೆ ಹತ್ತುವುದು ಕಡಿಮೆ. ಮೀನು, ಮೊಟ್ಟೆ ಏನಾದ್ರೂ ತಿಂತೀರಾ?”

ಶೈಲಾಳ ಕೈ ಸೆರಗಿನೊಳಗಿನ ಲಿಂಗದ ಕರಡಿಗೆಗೆ ಹೋಯಿತು. “ಇಲ್ಲ ಡಾಕ್ಟ್ರೇ. ಹಾಲೂ ಅಷ್ಟಕ್ಕಷ್ಟೇ. ಕಪ್ಪು ಕಾಫಿ ಕುಡೀತಾರೆ.”

“ಕೆಲಸ ಎಂತ ನಿಮ್ಮದು?”

“ವ್ಯಾಪಾರ” ಎಂದೆ.

“ಮೆಡಿಕಲ್ ಶಾಪು” ಎಂದಳು ಶೈಲಾ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ರಕ್ತದಲ್ಲಿ ಬಿ ಟ್ವೆಲ್ವ್ ಇರಬೇಕಾದದ್ದರ ಅರ್ಧದ ಅರ್ಧವೂ ಇರಲಿಲ್ಲ. ಇಂಜೆಕ್ಷನ್ ಬರೆದುಕೊಟ್ಟರು, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಕಾಯಂ. ಕಾಲು ಪೂರ್ತಿ ಸರಿಹೋಗುತ್ತದಾ ಎಂದು ಕೇಳಿದೆ. “ಒಂದೂವರೆ ವರ್ಷದಲ್ಲಿ ಬರಬೇಕಾದ್ದು ಬರ್ತದೆ. ಆಮೇಲೆ ಇದ್ದದ್ದರಲ್ಲಿ ನಡೀಬೇಕು. ಸ್ವಲ್ಪ ಬೇಗ ಬಂದಿದ್ರೆ…” ಎಂದು ನಿಲ್ಲಿಸಿದರು. ಹೊರಗೆ ಬಂದಾಗ ಲಕ್ಷ್ಮಣನನ್ನು ಒಳಗೆಲ್ಲೋ ಕರೆದುಕೊಂಡು ಹೋಗಿದ್ದರು. ಹುಡುಕಬಹುದಿತ್ತು. ಹುಡುಕಲಿಲ್ಲ.

ಆಲ್ದೂರಿಗೆ ಬಂದು ಚೀಟಿ ಬಿಡಿಸಿ ನೋಡಿದರೆ ಅದರಲ್ಲಿದ್ದ ಔಷಧಿ ನನ್ನ ಅಂಗಡಿಯಲ್ಲೇ ಇತ್ತು. ನಾನು ಕೂರುವ ಸ್ಟೂಲಿನಿಂದ ಕೈ ಚಾಚಿದರೆ ಸಿಗುವ ಖಾನೆಯಲ್ಲಿ, ಕೆಂಪು ನೀರಿನ ಪುಟ್ಟ ಗಾಜಿನ ಆಂಪ್ಯೂಲ್‌ಗಳು, ಸಾಲಾಗಿ.

ಚುಚ್ಚುತ್ತಿದ್ದವರು ನಮ್ಮ ಸರ್ಕಾರಿ ಆಸ್ಪತ್ರೆಯ ಸಿಸ್ಟರ್. ಆಂಪ್ಯೂಲನ್ನು ಎರಡೂ ಅಂಗೈಯಲ್ಲಿ ಹೊರಳಿಸಿ ಬೆಚ್ಚಗೆ ಮಾಡಿ ಆಮೇಲೆ ಸಿರಿಂಜಿಗೆ ಎಳೆಯುತ್ತಿದ್ದರು, “ತಣ್ಣಗಿದ್ರೆ ನೋವು ಜಾಸ್ತಿ ಶೇಖರಣ್ಣ.” ಯಾರೂ ಹೇಳಿಕೊಟ್ಟದ್ದಲ್ಲ, ಹಾಗೆ ಮಾಡಲೇಬೇಕಾದ್ದೂ ಅಲ್ಲ. ಆ ಎರಡು ನಿಮಿಷದ ಉಪಕಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎದುರಿಗೆ ನಿಂತವನಿಗೆ ಎರಡು ನಿಮಿಷ ಕೊಡುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು.

ಮೊದಲು ವಾಪಸ್ ಬಂದದ್ದು ನಾಲಿಗೆ. ಮೂರನೇ ವಾರ ಒಂದು ಬೆಳಿಗ್ಗೆ ಕಾಫಿ ಕಾಫಿಯ ಹಾಗೆ ರುಚಿಸಿತು. ಲೋಟ ಕೆಳಗಿಟ್ಟು ಅತ್ತುಬಿಟ್ಟೆ. ಶೈಲಾಳೂ ಅತ್ತಳು, ಬೇರೆ ಕಾರಣಕ್ಕೆ. “ಅವತ್ತು ನಾನು ಹಂಗೆ ಮಾಡ್ಬಾರ್ದಿತ್ತು ರೀ” ಎಂದಳು. ಯಾವತ್ತು ಎಂದು ನಾನು ಕೇಳಲಿಲ್ಲ. ಆಮೇಲೆ ಸುಸ್ತು ಹೋಯಿತು. ಬೆರಳ ತುದಿಯ ಜೋಮು ಹೋಯಿತು. ಶರ್ಟಿನ ಗುಂಡಿ ನಾನೇ ಹಾಕಿಕೊಂಡೆ. ನೆಂಟರು ಎರಡು ಪಕ್ಷವಾದರು. ಮೊಟ್ಟೆ ತಿಂದಿದ್ರೆ ಇದೆಲ್ಲ ಇರ್ತಿರ್ಲಿಲ್ಲ ಎನ್ನುವವರು ಒಂದು ಕಡೆ, ನಮ್ಮ ಊಟದ ಮೇಲೆ ಗೂಬೆ ಕೂರಿಸಬೇಡಿ ಎಂದು ಸಿಟ್ಟಾಗುವವರು ಇನ್ನೊಂದು ಕಡೆ. ಇಬ್ಬರೂ ನನ್ನ ಮನೆಯ ಕಾಫಿ ಕುಡಿದೇ ಜಗಳವಾಡಿದರು. ಕಾಲು ಹೇಗಿದೆ ಅಂತ ಕೇಳಲು ಇಬ್ಬರಿಗೂ ನೆನಪಾಗಲಿಲ್ಲ.

ಕಾಲಿನ ಸ್ಪರ್ಶ ಮಂಡಿಯಿಂದ ಕೆಳಗೆ ಬರುತ್ತಾ ಬರುತ್ತಾ ಪಾದದ ಗಂಟಿನ ಹತ್ತಿರ ನಿಂತಿತು. ಶೈಲಾ ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ತಂದುಕೊಟ್ಟಳು. ಅದನ್ನು ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದೆ. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ಹಳೇ ಹವಾಯಿ ಚಪ್ಪಲಿ ಮೆಟ್ಟಿ ಮನೆಯಿಂದ ಅಂಗಡಿಯವರೆಗೆ ನಡೆದು ನೋಡುತ್ತಿದ್ದೆ. ಇದು ನನ್ನದೇ ಪರೀಕ್ಷೆ. ಅಲ್ಲಿಯವರೆಗೆ ಎರಡೂ ಕಾಲಲ್ಲಿ ಚಪ್ಪಲಿ ಉಳಿದರೆ ಅಂಗಾಲು ಬಂದ ಹಾಗೆ. ಕೆಲವು ವಾರ ಉಳಿಯುತ್ತಿತ್ತು, ಕೆಲವು ವಾರ ಇಲ್ಲ. ಕಾಲು ಸರಿಯಾದ ದಿನ ಲಕ್ಷ್ಮಣನನ್ನು ಹುಡುಕಿಕೊಂಡು ಹೋಗಿ ನಾನು ಕೊಟ್ಟದ್ದು ತಪ್ಪು ಮಾತ್ರೆ ಎಂದು ಹೇಳಿಬಿಡುತ್ತೇನೆ ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಈ ಕಾಲಲ್ಲಿ ಹೇಗೆ ಹೋಗಲಿ ಎನ್ನುವುದು ನನ್ನ ನೆಪ. ಬಹಳ ಅನುಕೂಲವಾದ ನೆಪ.

ಅಂಗಡಿಯಲ್ಲಿ ಈಗ ಬದಲಾಗಿದ್ದೇನೆ. ಶಕ್ತಿ ಮಾತ್ರೆ ಕೇಳಿದವರನ್ನು ನಿಲ್ಲಿಸಿ, ಏನು, ಎಷ್ಟು ದಿನದಿಂದ, ರಕ್ತ ನೋಡಿಸಿದ್ದೀರಾ, ಶುಗರ್ ನೋಡಿಸಿದ್ದೀರಾ ಎಂದು ಕೇಳುತ್ತೇನೆ. ಮಾಂಸ ಮೊಟ್ಟೆ ಮುಟ್ಟದವರಿಗೆ, ಗ್ಯಾಸಿನ ಮಾತ್ರೆ ದಿನಾ ನುಂಗುವವರಿಗೆ, ಶುಗರಿನ ಮಾತ್ರೆ ವರ್ಷಗಟ್ಟಲೆ ತಗೊಂಡವರಿಗೆ ಬಿ ಟ್ವೆಲ್ವ್ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಕಡಿಮೆಯಿದ್ದವರು ಡಾಕ್ಟರು ಹೇಳಿದ ಹಾಗೆ ತಗೊಳ್ಳಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಕಡಿಮೆಯಿಲ್ಲದವರು ನುಂಗಿದರೆ ಹಳದಿ ಮೂತ್ರ, ಅಷ್ಟೇ. ಅದರಲ್ಲೇ ಒಂದು ಬಿ ಅತಿಯಾದರೆ ನರಕ್ಕೇ ಕೇಡಂತೆ, ಅದನ್ನೂ ಈಗ ಓದಿಕೊಂಡಿದ್ದೇನೆ. ಜನ ಕೇಳಿಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ, ಎದುರಿನ ಅಂಗಡಿಗೆ ಹೋಗಿ ಶೀಟು ತಗೊಳ್ಳುತ್ತಾರೆ. ‘ಶೇಖರಣ್ಣನಿಗೆ ಹುಷಾರು ತಪ್ಪಿದ ಮೇಲೆ ಮಾತು ಜಾಸ್ತಿ’ ಎಂದು ಹೇಳಿಕೊಳ್ಳುತ್ತಾರಂತೆ. ಸಿಟ್ಟು ಬರುತ್ತದೆ. ಆದರೆ ಅವರಿಗೆ ಈ ರೂಢಿ ಹಿಡಿಸಿದವನು ಯಾರು?

ಒಂದೂವರೆ ವರ್ಷ ಕಳೆಯಿತು. ಮಂಗಳೂರಿಗೆ ಹೋದೆ. ಅದೇ ಕವೆ, ಅದೇ ಹೆಬ್ಬೆರಳು. ಡಾಕ್ಟರು, “ಇಷ್ಟೇ ಅಂತ ಕಾಣ್ತದೆ” ಎಂದರು. ಕೋಲು ಹಿಡಿದು ನಡೆಯಿರಿ, ಕತ್ತಲಲ್ಲಿ ಟಾರ್ಚು ಇಲ್ಲದೆ ಹೋಗಬೇಡಿ, ದಿನಾ ಅಂಗಾಲು ನೋಡಿಕೊಳ್ಳಿ. ನನ್ನ ನೆಪವೂ ಆವತ್ತಿಗೆ ಮುಗಿಯಿತು.

ಬೆರಳು ಹೋದ ಮೇಲೆ ಲಕ್ಷ್ಮಣನಿಗೆ ಮೇಸ್ತ್ರಿ ಕೆಲಸ ಆಗಲಿಲ್ಲ. ಬಾಳೂರಿನ ಕಡೆ ಒಂದು ಎಸ್ಟೇಟಿನಲ್ಲಿ ಗುಲಾಬಿಯ ಅಣ್ಣನಿದ್ದಾನೆ, ಅಲ್ಲಿಗೇ ಹೋಗಿ ಗೇಟು ಕಾಯುತ್ತಿದ್ದಾನೆ ಎಂದು ಕೇಳಿದ್ದೆ. ಒಂದು ಭಾನುವಾರ ಮೂಡಿಗೆರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಜೀಪು ಹಿಡಿದೆ. ಹೊರಡುವಾಗ ಸ್ಯಾಂಡಲ್ ಬಿಟ್ಟು ಹವಾಯಿ ಚಪ್ಪಲಿಯನ್ನೇ ಹಾಕಿಕೊಂಡೆ. ಶೈಲಾ ಬೇಡ ಎಂದಳು. ಹಠ. ಡಾಕ್ಟರು ಏನೇ ಹೇಳಲಿ, ಅವನ ಮುಂದೆ ಸರಿಯಾದವನ ಹಾಗೆ ನಿಂತುಕೊಳ್ಳಬೇಕಿತ್ತು.

ಆಳುಗಳು ಇರುವ ಕೂಲಿ ಲೈನಿನ ಕೊನೆಯ ಮನೆ. ಲಕ್ಷ್ಮಣ ಜಗಲಿಯಲ್ಲಿ ಕೂತು ಕಾಳುಮೆಣಸು ಬಿಡಿಸುತ್ತಿದ್ದ. “ಬನ್ನಿ ಅಣ್ಣ” ಎಂದು ಚಾಪೆ ಹಾಕಿಸಿದ. ಗುಲಾಬಿ ಕಾಫಿ ತಂದಿಟ್ಟಳು. ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತೆಲ್ಲ ಮರೆತುಹೋಗಿತ್ತು.

“ಲಕ್ಷ್ಮಣ, ನಾನು ಕೊಡ್ತಿದ್ದ ಮಾತ್ರೆ ನಿನ್ನ ಕಾಯಿಲೆಗೆ ಅಲ್ಲ. ಅದರಿಂದ ನಿಂಗೆ ಏನೂ ಉಪಯೋಗ ಆಗ್ಲಿಲ್ಲ. ಅದನ್ನ ಕೊಟ್ಟು ಕೊಟ್ಟು ಮೂರು ವರ್ಷ ನಿನ್ನ ತಡೆದಿಟ್ಟವನು ನಾನು. ಅವತ್ತೇ ಶುಗರ್ ನೋಡಿದ್ರೆ ನಿನ್ನ ಬೆರಳು ಇರ್ತಿತ್ತು.”

ಅವನು ಮೆಣಸು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಅಣ್ಣ” ಎಂದ.

“ಗೊತ್ತಾ?”

“ಬೆರಳು ತೆಗೆಯೋ ಮೊದ್ಲೇ ಅಲ್ಲಿನ ಡಾಕ್ಟ್ರು ಶೀಟು ನೋಡಿದ್ರು. ಯಾವ ಬೇವರ್ಸಿ ಇದನ್ನ ಕೊಟ್ಟಿದ್ದು ಅಂತ ಬೈದ್ರು. ನಾನು ಹೆಸ್ರು ಹೇಳ್ಲಿಲ್ಲ.”

“ಮತ್ತೆ ಅವತ್ತು ನನ್ಹತ್ರ ಹಂಗ್ಯಾಕೆ ಅಂದೆ? ಮಾತ್ರೆಯಿಂದ್ಲೇ ಇಷ್ಟರಲ್ಲಿ ನಿಲ್ತು ಅಂತ?”

“ನೀವು ಗೋಡೆ ಹಿಡ್ಕೊಂಡು ಬರ್ತಾ ಇದ್ರಿ. ಹಣೆ ಮೇಲೆ ಹೊಲಿಗೆ. ಎಂತ ಹೇಳೋದು ಅಂಥವ್ರಿಗೆ?” ಎಂದ. ಇನ್ನೊಂದು ಗೊಂಚಲು ಎತ್ತಿಕೊಂಡು, “ನೀವಾಗೇ ಬಂದು ಹೇಳ್ತೀರಿ ಅಂತ ನೋಡ್ತಿದ್ದೆ. ಒಂದು ವಾರಕ್ಕೆ ಬರ್ತೀರಿ ಅಂದ್ಕೊಂಡಿದ್ದೆ” ಎಂದ.

ಗುಲಾಬಿ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಪಕ್ಕದಲ್ಲಿಟ್ಟಳು. ಉಳಿದ ಶೀಟುಗಳು, ನಾನು ಕತ್ತರಿಯಿಂದ ಕತ್ತರಿಸಿ ಕೊಟ್ಟ ಗುರುತು ಅಂಚಿನಲ್ಲಿ ಹಾಗೇ ಇತ್ತು. “ತಗೊಂಡು ಹೋಗಿ. ಮನೇಲಿಟ್ರೆ ಮಕ್ಕಳು ನುಂಗ್ತಾವೆ” ಎಂದಳು. ಅವಳು ನನ್ನ ಜೊತೆ ಆಡಿದ್ದು ಅಷ್ಟೇ ಮಾತು.

ಕಾಫಿ ಮುಗಿಸಿ ಎದ್ದೆ. ಕ್ಷಮೆ ಕೇಳಬೇಕೆಂದುಕೊಂಡೇ ಹೋಗಿದ್ದೆ, ಕೇಳಲಿಲ್ಲ. ಕೇಳಿದರೆ ಅವನು ಕೊಟ್ಟುಬಿಡುತ್ತಿದ್ದ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕವರು ಹಿಡಿದು ಜೀಪು ನಿಲ್ಲುವ ರಸ್ತೆಯ ಕಡೆ ಇಳಿಯತೊಡಗಿದೆ. ಇಳಿಜಾರು, ಆದರೂ ಒಮ್ಮೆಯೂ ಜೋಲಿ ತಪ್ಪಲಿಲ್ಲ. ಅಷ್ಟಾದರೂ ಆಯಿತಲ್ಲ ಅನ್ನಿಸಿತು. ಅರ್ಧ ದಾರಿಗೆ ಬಂದಾಗ ಹಿಂದಿನಿಂದ ಕೂಗಿದ್ದು ಕೇಳಿಸಿತು.

“ಶೇಖರಣ್ಣ, ನಿಂತ್ಕೊಳ್ಳಿ!”

ತಿರುಗಿದೆ. ಲಕ್ಷ್ಮಣ ಬೆರಳಿಲ್ಲದ ಪಾದ ಊರುತ್ತಾ, ಎಳೆಯುತ್ತಾ, ಇಳಿದು ಬರುತ್ತಿದ್ದ. ಅವನ ಕೈಯಲ್ಲಿ ನನ್ನ ಚಪ್ಪಲಿ ಇತ್ತು. ಬಗ್ಗಿ ನನ್ನ ಕಾಲು ನೋಡಿಕೊಂಡೆ. ಬಲಗಾಲು ಬರಿಗಾಲು, ಕೆಂಪು ಮಣ್ಣು ಮೆತ್ತಿತ್ತು.

ಹತ್ತಿರ ಬಂದು ಚಪ್ಪಲಿಯನ್ನು ನನ್ನ ಪಾದದ ಮುಂದೆ ನೇರವಾಗಿ ಇಟ್ಟ.

“ತಗೊಳ್ಳಿ” ಎಂದ. ಮುಂದಿನದನ್ನು ಹೇಳಲಿಲ್ಲ.